ಕೊಂಡಾಪುರದಲ್ಲಿ ರೋಮ್ ಪುರಾಣ

ನಲವತ್ತು ದಾಟಿದ ಮೇಲೆ ಎಂ.ಎ.ಗೆ ಹೆಸರು ಹಚ್ಚುವವರಿಗೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು ಬಡ್ತಿ, ಇನ್ನೊಂದು ಹಟ. ನೀಲಾಗೆ ಎರಡೂ ಇರಲಿಲ್ಲ. ಆಫೀಸಿನಿಂದ ಬಂದ ಮೇಲೆ ಮಲಗುವವರೆಗಿನ ಹೊತ್ತನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ದೂರಶಿಕ್ಷಣದಲ್ಲಿ ಪ್ರಾಚೀನ ಇತಿಹಾಸಕ್ಕೆ ಸೇರಿದಳು. ಹೊಲಿಗೆ ಕಲಿಯಬಹುದಿತ್ತು, ಯೋಗಕ್ಕೆ ಹೋಗಬಹುದಿತ್ತು. ಆದರೆ ಅಲ್ಲೆಲ್ಲ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳುತ್ತಾರೆ. ಸತ್ತು ಎರಡು ಸಾವಿರ ವರ್ಷವಾದವರು ಹಾಗೆಲ್ಲ ಕೇಳುವುದಿಲ್ಲ.

ಗಚ್ಚಿಬೌಲಿಯ ಒಂದು ಔಷಧ ಕಂಪನಿಯಲ್ಲಿ ಅವಳ ಕೆಲಸ, ಕೊಂಡಾಪುರದಲ್ಲಿ ಬಾಡಿಗೆ ಫ್ಲಾಟು. ತಂದೆ ಹನುಮಂತರಾಯರು ಬಾಗಲಕೋಟೆ ಕಡೆಯಿಂದ ರಕ್ಷಣಾ ಇಲಾಖೆಯ ಕಾರ್ಖಾನೆಗೆ ಬಂದವರು. ನೀಲಾ ಹುಟ್ಟಿದ್ದೂ ಬೆಳೆದದ್ದೂ ಹೈದರಾಬಾದಿನ ಕ್ವಾರ್ಟರ್ಸಿನಲ್ಲಿ. ಮದುವೆಯ ಮಾತು ಬರುವ ಕಾಲಕ್ಕೆ ತಾಯಿಯ ಕಾಯಿಲೆ ಅಡ್ಡ ಬಂತು. ಕಾಯಿಲೆ ಮುಗಿದು ತಾಯಿಯೂ ಹೋಗಿ, ಹಿಂದಿನಿಂದ ತಂದೆಯೂ ಹೋದಾಗ ಮಾತು ತರುವವರೇ ಉಳಿದಿರಲಿಲ್ಲ. ಈಗ ವಾಚ್‌ಮನ್‌ಗೆ ತೆಲುಗು, ಕ್ಯಾಬ್ ಡ್ರೈವರನಿಗೆ ಹಿಂದಿ, ಆಫೀಸಿಗೆ ಇಂಗ್ಲಿಷು. ಕನ್ನಡ ಮಾತ್ರ ಯಾರಿಗೂ ಬೇಡವಾಗಿ ಅವಳ ಬಾಯೊಳಗೇ ಕೂತಿತ್ತು.

ಕೋರ್ಸಿನ ಮೊದಲ ಪತ್ರಿಕೆ ರೋಮಿನದು. ರೋಮ್ ಪಟ್ಟಣ ಹುಟ್ಟಿದಂದಿನಿಂದ ಕಥೆ ಹೇಳಿದ ಒಬ್ಬ ಹಳೆಯ ಇತಿಹಾಸಕಾರನ ಬರಹದ ಮೂಲಕ ಆ ಕಾಲವನ್ನು ಓದಬೇಕು. ಅವನು ಬರೆದದ್ದರಲ್ಲಿ ಮುಕ್ಕಾಲು ಪಾಲು ಕಾಲದ ಹೊಡೆತಕ್ಕೆ ಕಳೆದುಹೋಗಿದೆಯಂತೆ. ಉಳಿದದ್ದರಲ್ಲಿ ಮೊದಲಿನ ಐದು ಸಂಪುಟಗಳು ಒಂದೇ ದಪ್ಪ ಪುಸ್ತಕವಾಗಿ ಇಂಗ್ಲಿಷಿನಲ್ಲಿ ಬಂದಿದ್ದವು. ಕೊನೆಯಲ್ಲಿ ಒಂದು ಪ್ರಬಂಧವನ್ನೂ ಬರೆಯಬೇಕು: ಈ ಇತಿಹಾಸಕಾರನನ್ನು ಎಷ್ಟರಮಟ್ಟಿಗೆ ನಂಬಬಹುದು?

ಒಂದು ಪುಟ ಓದುವುದು, ಅದನ್ನು ಗಟ್ಟಿಯಾಗಿ ಕನ್ನಡದಲ್ಲಿ ತನಗೆ ತಾನೇ ಹೇಳಿಕೊಳ್ಳುವುದು, ಇದು ನೀಲಾಳ ಪದ್ಧತಿ. ಶಾಲೆಯ ದಿನಗಳಲ್ಲಿ ತಂದೆ ಹಚ್ಚಿದ ರೂಢಿ. ಶ್ರಾವಣ ಹಿಡಿದ ಹೊಸದರಲ್ಲಿ ಒಂದು ಸಂಜೆ, ಸೆಕೆಗೆ ಬಾಗಿಲು ತೆರೆದಿಟ್ಟು ಅವಳು ಹೀಗೆ ಹೇಳಿಕೊಳ್ಳುತ್ತಿದ್ದಳು. ನದಿಯಲ್ಲಿ ತೇಲಿಬಿಟ್ಟ ಅವಳಿ ಕೂಸುಗಳು ದಂಡೆಗೆ ಬಂದವು, ತೋಳವೊಂದು ಬಂದು ಅವಕ್ಕೆ ಹಾಲುಣಿಸಿತು ಎನ್ನುವಷ್ಟರಲ್ಲಿ ಹೊಸ್ತಿಲಾಚೆಯಿಂದ ದನಿ ಬಂತು.

"ತೋಳ ಹಾಲ ಕುಡಸ್ತೇನು? ಮಂದಿಗಿಂತ ಛಲೋ ಬಿಡು."

ನೋಡಿದರೆ, ಗೋಡೆ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಅರವತ್ತೈದರ ಆಚೀಚೆ ವಯಸ್ಸು, ಇಲಕಲ್ ಸೀರೆ, ಹಣೆ ತುಂಬ ವಿಭೂತಿ. ಮೊಣಕಾಲು ನೋವಿಗೆ ಡಾಕ್ಟರು ನಡೆಯಲು ಹೇಳಿದ್ದರಿಂದ ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದವಳು. ಹೆಸರು ಬಂಡೆಮ್ಮ. ಸಿಂದಗಿ ಹತ್ತಿರದ ಹಳ್ಳಿಯವಳು. ಅದೇ ಅಂತಸ್ತಿನ ತುದಿಯ ಫ್ಲಾಟಿನಲ್ಲಿರುವ ಗುರುಬಸವ ಅವಳ ಮಗ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವವರು.

"ಪುರಾಣ ಹಚ್ಚೀಯೇನವ್ವಾ?" ಎಂದಳು ಬಂಡೆಮ್ಮ.

ಉತ್ತರ ಕರ್ನಾಟಕದ ಊರುಗಳಲ್ಲಿ ಶ್ರಾವಣ ಬಂತೆಂದರೆ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳೊಬ್ಬರು ದಿನವೂ ಸಂಜೆ ಓದಿ ಅರ್ಥ ಹೇಳುತ್ತಾರೆ, ಊರವರು ಕೂತು ಕೇಳುತ್ತಾರೆ. ಕೊನೆಯ ದಿನ ಕಾಯಿ ಒಡೆದು ಆರತಿ ಎತ್ತಿ ಮಂಗಲ ಮಾಡುತ್ತಾರೆ. ನೀಲಾಗೆ ಇದೆಲ್ಲ ತಂದೆಯ ಬಾಯಿಂದ ಕೇಳಿ ಗೊತ್ತಿತ್ತು. ಅಲ್ಲ ಎನ್ನಬೇಕಿತ್ತು. ಇದು ಪರೀಕ್ಷೆಯ ಪುಸ್ತಕ, ಇದರಲ್ಲಿ ದೇವರು ಇದ್ದರೂ ನಿಮ್ಮ ದೇವರಲ್ಲ ಎನ್ನಬೇಕಿತ್ತು. ಆದರೆ ಎಷ್ಟೋ ತಿಂಗಳ ಮೇಲೆ ಒಬ್ಬರು ಅವಳನ್ನು "ಅವ್ವಾ" ಎಂದು ಕರೆದಿದ್ದರು.

"ಹೂಂರಿ ಅವ್ವಾರ, ಹಚ್ಚೀನಿ. ಒಳಗ ಬರ್‍ರಿ," ಎಂದುಬಿಟ್ಟಳು.

ಮರುದಿನ ಸಂಜೆ ಬಂಡೆಮ್ಮ ಮೈತೊಳೆದು, ಮಡಿ ಸೀರೆ ಉಟ್ಟು, ಹೂವು ಊದಿನಕಡ್ಡಿ ಹಿಡಿದುಕೊಂಡೇ ಬಂದಳು. ಪುಸ್ತಕಕ್ಕೆ ಹೂವೇರಿಸಿ ಕೈ ಮುಗಿದಳು. ನಗಬೇಕೋ ಬೇಡವೋ ತಿಳಿಯದೆ ನೀಲಾ ಬೆಂಕಿಪೆಟ್ಟಿಗೆ ತಂದುಕೊಟ್ಟಳು.

"ಕಲಬುರಗ್ಯಾಗ ನನ್ನ ಮಗಳು ರಶ್ಮಿ ಬಸುರಿ ಅದಾಳ. ಅತ್ತಿ ಇಲ್ಲದ ಮನಿ. ಅಮಾಸಿ ಆದಮ್ಯಾಲ ನಾನ ಹೋಗಿ ಬಾಣಂತನ ಮಾಡಬೇಕು," ಎಂದಳು ಬಂಡೆಮ್ಮ. "ಆಕಿ ಹೆಸರಿನಾಗ ಈ ಪುರಾಣ ಕೇಳ್ತೀನಿ. ನಮ್ಮ ಮನಿತನದಾಗ ಒಂದ ಪದ್ಧತಿ ಐತಿ ನೋಡು. ಒಮ್ಮಿ ಕೇಳಾಕ ಕುಂತರ ಮಂಗಲ ಆಗೂತನಕ ಊರ ಬಿಡಂಗಿಲ್ಲ."

ಹೀಗೆ ರೋಮಿನ ಇತಿಹಾಸ ಕೊಂಡಾಪುರದಲ್ಲಿ ಪುರಾಣವಾಯಿತು.

ಅಂಥ ಶ್ರಾವಣ ನೀಲಾಳ ಆಯುಷ್ಯದಲ್ಲಿ ಬಂದಿರಲಿಲ್ಲ. ಆಫೀಸಿನಲ್ಲಿ ನಾಲ್ಕು ಹೊಡೆಯುತ್ತಲೂ ಅವಳ ಕಣ್ಣು ಗಡಿಯಾರದ ಮೇಲೆ. ಟ್ರಾಫಿಕ್ಕಿನಲ್ಲಿ ಕ್ಯಾಬು ನಿಂತರೆ ಜೀವ ಚಡಪಡಿಸುತ್ತಿತ್ತು. ಮನೆಯಲ್ಲಿ ತನಗಾಗಿ ಕಾಯುವವರಿದ್ದರೆ ಹೀಗಿರುತ್ತದೆ ಎನ್ನುವುದನ್ನೇ ಅವಳು ಮರೆತಿದ್ದಳು. ಬಂಡೆಮ್ಮ ಮನಸ್ಸಿಟ್ಟು ಕೇಳುವವಳು, ಆದರೆ ಬಾಯಿಗೆ ಬೀಗ ಹಾಕಿಕೊಂಡು ಕೇಳುವವಳಲ್ಲ. ಗೋಡೆ ಜಿಗಿದನೆಂದು ಅಣ್ಣ ತಮ್ಮನನ್ನು ಕೊಂದ ಪ್ರಸಂಗ ಬಂದಾಗ, "ಗ್ವಾಡಿ ಸಂಬಂಧ ಹೊಡದಾಡಿದವರು ನಮ್ಮೂರಾಗೂ ಅದಾರ, ಅವರ ಮ್ಯಾಲ ಯಾರೂ ಪುರಾಣ ಬರದಿಲ್ಲ," ಎಂದಳು. ಗಾಲರೆಂಬ ಹೊರಗಿನ ದಂಡು ಊರಿಗೆ ನುಗ್ಗಿದಾಗ ಓಡಿಹೋಗಲಾರದ ಮುದುಕರು ಒಳ್ಳೆಯ ಬಟ್ಟೆ ತೊಟ್ಟು ತಮ್ಮ ತಮ್ಮ ಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತು ಸತ್ತರು ಎಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕತ್ತಲಲ್ಲಿ ಗುಡ್ಡ ಹತ್ತಿದ ವೈರಿಗಳನ್ನು ಹೆಬ್ಬಾತುಗಳು ಕೂಗಿ ಹಿಡಿದುಕೊಟ್ಟವು ಎಂದಾಗ ಚಪ್ಪಾಳೆ ತಟ್ಟಿದಳು. ಬರೆದವನನ್ನು ಅವಳು ಕರೆಯುತ್ತಿದ್ದುದೇ "ಶಾಸ್ತ್ರಿಗೋಳು" ಎಂದು.

"ಶಾಸ್ತ್ರಿಗೋಳು ಇದನ್ನೆಲ್ಲ ಕಣ್ಣಾರೆ ಕಂಡಿದ್ರೇನು?" ಎಂದು ಒಮ್ಮೆ ಕೇಳಿದಳು.

"ಇಲ್ಲರಿ. ಅವರು ಹುಟ್ಟಿದ್ದು ಎಷ್ಟೋ ನೂರು ವರ್ಷ ಆದಮ್ಯಾಲ. ಊರು ಸುಟ್ಟಾಗ ಹಳೇ ಕಾಗದಪತ್ರ ಎಲ್ಲಾ ಸುಟ್ಟಹೋಗಿದ್ದುವಂತ."

"ಮತ್ತ ಹೆಂಗ ಬರದರು?"

ನೀಲಾ ಪುಟ ತಿರುವಿದಳು. ಪ್ರಬಂಧದಲ್ಲಿ ಬರೆಯಬೇಕಾದದ್ದೂ ಅದನ್ನೇ. "ಕೇಳಿದ್ದು ಬರದಾರ್‍ರಿ," ಎಂದು ಹಾರಿಸಿಬಿಟ್ಟಳು. ಬಂಡೆಮ್ಮ ತಲೆಯಾಡಿಸಿದಳು. ಕೇಳಿದ್ದನ್ನು ಹೇಳುವುದರಲ್ಲಿ ಅವಳಿಗೆ ತಪ್ಪೇನೂ ಕಾಣಲಿಲ್ಲ.

ಪುಸ್ತಕ ಎಷ್ಟು ದಪ್ಪವಿದ್ದರೂ ಮುಗಿಯುತ್ತದೆ. ಅಮಾವಾಸ್ಯೆಯ ಹಿಂದಿನ ಸಂಜೆ ನೀಲಾ ಕೊನೆಯ ಪ್ರಸಂಗ ಓದಿದಳು. ಸುಟ್ಟು ಬೂದಿಯಾದ ರೋಮನ್ನು ಬಿಟ್ಟು ಪಕ್ಕದ ಊರಿಗೆ ಗುಳೆ ಹೋಗೋಣ ಎನ್ನುತ್ತಾರೆ ಜನ. ಬೇಡ, ಇದೇ ನಮ್ಮ ಊರು, ಇಲ್ಲೇ ಮತ್ತೆ ಕಟ್ಟೋಣ ಎಂದು ಹಿರಿಯ ಸೇನಾಪತಿ ಎಲ್ಲರನ್ನೂ ಒಪ್ಪಿಸುತ್ತಾನೆ. ಅಲ್ಲಿಗೆ ಐದನೆಯ ಸಂಪುಟ ಮುಗಿಯಿತು. ಬಂಡೆಮ್ಮನ ಎರಡೂ ಕೈ ಮುಗಿಯಲೆಂದು ಎದೆಯವರೆಗೆ ಬಂದಿದ್ದವು.

"ಮುಗೀತೇನವ್ವಾ?"

ಹೌದು ಎಂದರೆ ನಾಳೆ ಕಾಯಿ, ಆರತಿ, ಮಂಗಲ. ನಾಡಿದ್ದು ಮೆಹದಿಪಟ್ಟಣಂನಲ್ಲಿ ಕಲಬುರಗಿ ಬಸ್ಸು. ಅದರಾಚೆಯ ಸಂಜೆ ಈ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಇನ್ನೇನಿರುತ್ತದೆ?

"ಇಲ್ಲರಿ," ಎಂದಳು ನೀಲಾ. "ಇನ್ನೂ ಐತಿ."

ಎತ್ತಿದ ಕೈಗಳನ್ನು ಬಂಡೆಮ್ಮ ಕೆಳಗಿಳಿಸಿದಳು. ಒಂದಿಷ್ಟೂ ಅನುಮಾನಪಡಲಿಲ್ಲ.

ಮರುದಿನ ನೀಲಾ ಓದಿ ಮುಗಿಸಿದ್ದ ಪುಟಗಳನ್ನೇ ತೆರೆದು ಅವುಗಳ ಮೇಲೆ ಕಣ್ಣಿಟ್ಟು ಶುರು ಮಾಡಿದಳು. "ಗಾಲರು ಬಂದಾಗ ಊರ ಮಂದಿ ಎಲ್ಲಾ ಓಡಿಹೋದರಲ್ಲ ಅವ್ವಾರ, ಆವಾಗ ಒಬ್ಬಾಕಿ ಮಾತ್ರ ಹೋಗಿರಲಿಲ್ಲ. ಹೆಸರು ಪ್ರಿಸ್ಕಾ." ಬಂಡೆಮ್ಮನ ನಾಲಿಗೆಗೆ ಆ ಹೆಸರು ಒಗ್ಗಲಿಲ್ಲ. ಎರಡು ಸಲ ಅಂದು ನೋಡಿ ಅವಳನ್ನು ಪಿರಿಸಕ್ಕ ಮಾಡಿಕೊಂಡಳು. ಯಾರೂ ಇಲ್ಲದ ಹೆಂಗಸು ಈ ಪಿರಿಸಕ್ಕ. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ, ಹಾಗಾಗಿ ಉಳಿದಳು. ಖಾಲಿ ಊರಿನಲ್ಲಿ ಹಗಲು ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಸಂಜೆ ದೀಪ ಹಚ್ಚುತ್ತಿದ್ದಳು. ಮಾತು ಮರೆತುಹೋಗಬಾರದೆಂದು ಗೋಡೆಗಳ ಜೊತೆ ಮಾತಾಡುತ್ತಿದ್ದಳು.

ಪಿರಿಸಕ್ಕ ಬೇರೆ ಯಾರೂ ಅಲ್ಲ, ತಾನೇ ಎನ್ನುವುದು ನೀಲಾಗೆ ಬಲು ಬೇಗ ಗೊತ್ತಾಯಿತು. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ರೋಮಿನ ಹೆಸರಿನಲ್ಲಿ ಹೇಳುವುದು ಎಷ್ಟು ಸಲೀಸು! ಹಬ್ಬದ ದಿನ ಒಬ್ಬಳಿಗಾಗಿ ಅಡಿಗೆ ಮಾಡಿಕೊಳ್ಳುವ ಬೇಸರವನ್ನು ಪಿರಿಸಕ್ಕನ ಮನೆಯೊಳಗೆ ಇಟ್ಟಳು. ಜ್ವರ ಬಂದಾಗ ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಳ್ಳುವುದನ್ನೂ ಇಟ್ಟಳು. ಬಂಡೆಮ್ಮ ಬಾಗಿಲ ಮುದುಕರಿಗೆ ಅತ್ತದ್ದಕ್ಕಿಂತ ಹೆಚ್ಚು ಇವಳಿಗೆ ಅತ್ತಳು. "ಪಾಪ, ಆಕಿಗೆ ಒಂದ ತುತ್ತ ಕೊಡವರೂ ಇಲ್ಲೇನವ್ವಾ?" ಎಂದಳು. ತನಗೇ ಯಾರೋ ಅನ್ನ ಬಡಿಸಿದಷ್ಟು ಸುಖವಾಗಿತ್ತು ನೀಲಾಗೆ.

ಮನಸ್ಸು ಚುಚ್ಚದೆ ಇರಲಿಲ್ಲ. ಆದರೆ ಓದಿದವರ ಮನಸ್ಸು ಚುಚ್ಚಿದರೆ ಅದಕ್ಕೊಂದು ವಾದ ಸಿದ್ಧವಿರುತ್ತದೆ. ದಾಖಲೆಗಳು ಸುಟ್ಟುಹೋದ ಜಾಗವನ್ನು ಆ ಇತಿಹಾಸಕಾರನೂ ಕೇಳಿದ ಕಥೆಗಳಿಂದ ತುಂಬಿಸಿದನಲ್ಲ? ಕಳೆದುಹೋದ ಅವನ ಸಂಪುಟಗಳಲ್ಲಿ ಎಲ್ಲೋ ಒಂದು ಕಡೆ ಇಂಥ ಒಬ್ಬಳು ಇದ್ದಿರಬಾರದೇಕೆ? ಹೀಗೆಂದುಕೊಂಡು ನೀಲಾ ಮರುದಿನದ ಪ್ರಸಂಗವನ್ನು ಆಫೀಸಿನಲ್ಲೇ ಕೂತು ಹೊಸೆಯುತ್ತಿದ್ದಳು.

ಗಣೇಶನ ಹಬ್ಬ ಬಂತು. ಗುರುಬಸವ ಒಂದು ಭಾನುವಾರ ಬಾಗಿಲಿಗೆ ಬಂದು ನಿಂತ.

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಪುಸ್ತಕ ಎಂದ ಮುಗಿತೈತ್ರಿ? ರಶ್ಮಿ ದಿನಾ ಫೋನ್ ಹಚ್ಚಿ ಅವ್ವನ್ನ ಕಳಸು ಅಂತಾಳ. ಅವ್ವ ನೋಡಿದರ ಪುರಾಣ ಮುಗೀಲಾರದ ಕಾಲ ಎತ್ತಿಡೂದಿಲ್ಲ ಅಂತ ಹಟ ಹಿಡದಾಳ. ಆಕಿಗೆ ಹೇಳಿ ಹೇಳಿ ನನಗ ಸಾಕಾಗೇತಿ."

"ಹೆರಿಗಿಗೆ ಇನ್ನೂ ದಿನ ಐತೆಲ್ಲರಿ?" ಎಂದಳು ನೀಲಾ. ತನ್ನ ಮಾತು ತನಗೇ ಅಸಹ್ಯವೆನಿಸಿತು.

"ಐತ್ರಿ, ಹದಿನೈದಿಪ್ಪತ್ತ ದಿನ."

"ಇನ್ನ ನಾಕೈದ ದಿನದಾಗ ಮುಗಸ್ತೀನಿ."

ನಾಲ್ಕೈದು ದಿನ ಹೋದವು. ಪಿರಿಸಕ್ಕನ ಮನೆಯ ಹಿತ್ತಲಲ್ಲಿ ಬಾವಿ ಬತ್ತಿತು, ಮತ್ತೆ ನೀರು ಬಂತು. ವೈರಿ ದಂಡಿನ ಗಾಯಾಳು ಒಬ್ಬ ಅವಳ ಬಾಗಿಲು ಬಡಿದ. ಇನ್ನಷ್ಟು ದಿನ ಹೋದವು.

ಒಂದು ಸಂಜೆ, ಕಥೆಯೊಳಗೆ ಬಾಗಿಲು ತೆರೆಯಬೇಕೋ ಬೇಡವೋ ಎಂದು ಪಿರಿಸಕ್ಕ ಅಗುಳಿಯ ಮೇಲೆ ಕೈಯಿಟ್ಟು ನಿಂತಿದ್ದಾಗ ಗುರುಬಸವ ಓಡಿಬಂದ. ಚಪ್ಪಲಿ ಬಿಡುವುದೂ ಅವನಿಗೆ ನೆನಪಾಗಲಿಲ್ಲ.

"ಅವ್ವಾ, ಏಳು. ರಶ್ಮಿಗೆ ಬ್ಯಾನಿ ಸುರು ಆಗ್ಯಾವಂತ. ದವಾಖಾನಿಗೆ ಹಾಕ್ಯಾರ. ಕಾರ ತಗದೀನಿ, ನಡಿ."

ಬಂಡೆಮ್ಮನ ಮುಖ ಬಿಳಿಚಿತು. ಎದ್ದೇಬಿಡುತ್ತಾಳೆ ಎಂದುಕೊಂಡಳು ನೀಲಾ. ಆದರೆ ಬಂಡೆಮ್ಮ ಏಳಲಿಲ್ಲ. ನೆಲಕ್ಕೆ ಅಂಗೈ ಊರಿ ಕೂತೇ ಇದ್ದಳು.

"ಎಷ್ಟ ಹಾಳಿ ಉಳದಾವ ತಂಗಿ? ಲಗೂ ಓದು. ಆದರ ಒಂದೂ ಬಿಡಬ್ಯಾಡ."

"ಅವ್ವಾ, ಅದ ಪುರಾಣ ಅಲ್ಲ, ಅಕ್ಕಾರ ಪರೀಕ್ಷಾದ ಪುಸ್ತಕ!" ಗುರುಬಸವ ಕೂಗಿದ.

"ನೀ ಸುಮ್ಮನಿರು. ಬಸುರಿ ಹೆಸರಿನಾಗ ಕುಂತೀನಿ. ನಡುವ ಎದ್ದು ಹ್ವಾದರ ಕೂಸಿಗೆ ಕಂಟಕ. ಇಷ್ಟ ದಿನ ಕೇಳಿ ಈಗ ಕೆಡಸ್ಲೇನು? ಓದು ನೀಲವ್ವಾ, ಓದು." ಎರಡೂ ಕೈ ಜೋಡಿಸಿ ಬೇಡಿಕೊಳ್ಳುತ್ತಿದ್ದಳು.

ಎರಡು ವಾಕ್ಯದಲ್ಲಿ ಪಿರಿಸಕ್ಕನನ್ನು ಕೊಂದು ಮಂಗಲ ಹಾಡಿಬಿಡಬಹುದಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಬಂಡೆಮ್ಮ ನೀಲಾಳ ತಲೆಯ ಮೇಲೆ ಕೈಯಿಟ್ಟು ಹರಸಿ ಹೋಗುತ್ತಿದ್ದಳು. ಆದರೆ ಆ ಜೋಡಿಸಿದ ಕೈಗಳನ್ನು ನೋಡುತ್ತಾ ಇನ್ನೊಂದು ಸುಳ್ಳು ಹೇಳುವುದು ನೀಲಾಗೆ ಆಗಲಿಲ್ಲ. ಅರ್ಧಕ್ಕೆ ಕೆಟ್ಟಿತೆಂಬ ಅಂಜಿಕೆ ಹೊತ್ತು ಇವಳು ದಾರಿ ಉದ್ದಕ್ಕೂ ಸಾಯುವುದೂ ಬೇಕಿರಲಿಲ್ಲ. ಅವಳು ಪುಸ್ತಕ ಮುಚ್ಚಿದಳು.

"ಹಾಳಿ ಉಳದಿಲ್ಲರಿ ಅವ್ವಾರ. ಪುಸ್ತಕ ಯಾವಾಗೋ ಮುಗದೈತಿ. ನಿಮ್ಮ ಕೇಳೂದು ಪೂರ್ತಿ ಆಗೈತಿ, ಅರ್ಧಕ್ಕ ನಿಂತಿಲ್ಲ. ಪಿರಿಸಕ್ಕ ಇದರಾಗ ಇಲ್ಲ. ನಾನ ಕಟ್ಟಿ ಹೇಳಿದ್ದು."

"ಯಾವಾಗ ಮುಗದೈತಿ?"

"ಅಮಾಸಿ ಹಿಂದಿನ ದಿನ."

ಬಂಡೆಮ್ಮ ಅವಳನ್ನೇ ನೋಡಿದಳು. ಸಿಟ್ಟು ಬಂದಿದ್ದರೆ ನೀಲಾಗೆ ಹಗುರವಾಗುತ್ತಿತ್ತು. ಆ ಮುಖದಲ್ಲಿ ಇನ್ನೂ ಬರೀ ಗೊಂದಲವಿತ್ತು.

"ಯಾಕವ್ವಾ?"

"ನೀವು ಹೋಗಿಬಿಡ್ತಿದ್ರಿ. ನನಗ ಇಲ್ಲಿ ಮಾತಾಡಾಕ ಯಾರೂ ಇಲ್ಲರಿ."

"ನನ್ನ ಮಗಳಿಗೂ ಅಲ್ಲಿ ಯಾರೂ ಇಲ್ಲ," ಎಂದಳು ಬಂಡೆಮ್ಮ.

ಏಳಲು ಅವಳಿಗೆ ಕಷ್ಟವಾಯಿತು. ದಿನವೂ ನೀಲಾಳ ತೋಳು ಹಿಡಿದು ಏಳುತ್ತಿದ್ದವಳು ಇಂದು ಚಾಚಿದ ಕೈಯನ್ನು ಮುಟ್ಟಲಿಲ್ಲ. ಕುರ್ಚಿ ಹಿಡಿದು, ಗೋಡೆ ಹಿಡಿದು, ಮಗನ ಹೆಗಲು ಹಿಡಿದು ಹೋದಳು. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೂ ನೀಲಾ ನಿಂತೇ ಇದ್ದಳು.

ಒಂದು ವಾರದ ಮೇಲೆ ಪಾರ್ಕಿಂಗಿನಲ್ಲಿ ಗುರುಬಸವ ಸಿಕ್ಕ. ಗಂಡು ಕೂಸು ಹುಟ್ಟಿತ್ತು, ತಾಯಿ ಮಗು ಇಬ್ಬರೂ ಆರಾಮ. ಆದರೆ ಇವರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. "ರಶ್ಮಿ ಅವ್ವಾ ಅವ್ವಾ ಅಂತ ಬಾಯಿ ಬಾಯಿ ಬಡಕೊಂಡಳಂತ್ರಿ. ಹೊರಗ ಒಬ್ಬರರೇ ಹೆಣ್ಮಕ್ಕಳು ಇರಲಿಲ್ಲ," ಎಂದ. ಬೈಯಲಿಲ್ಲ. ಮರ್ಯಾದಸ್ಥ ಹುಡುಗ. ಅಂದಿನಿಂದ ಅವಳನ್ನು ಕಂಡರೆ ಅವನು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿಯುತ್ತಿದ್ದ.

ನೀಲಾ ಪ್ರಬಂಧ ಬರೆದು ಕಳಿಸಿದಳು. ಆ ಇತಿಹಾಸಕಾರ ಸುಳ್ಳು ಹೇಳಿಲ್ಲ, ಗೊತ್ತಿಲ್ಲದ ಜಾಗಗಳನ್ನು ತನ್ನ ಊರಿನ ಮೇಲಿನ ಪ್ರೀತಿಯಿಂದ ತುಂಬಿದ್ದಾನೆ ಎಂದು ಮೊದಲು ಬರೆದಳು, ಆಮೇಲೆ ಆ ಸಾಲನ್ನು ಅಳಿಸಿದಳು. ಪ್ರೀತಿಯಿಂದ ತುಂಬಿದ್ದಕ್ಕೂ ಯಾರೋ ಒಬ್ಬರು ತೆರಬೇಕಾಗುತ್ತದೆ ಎನ್ನುವುದು ಈಗ ಅವಳಿಗೆ ಗೊತ್ತಿತ್ತು. ಎರಡನೆಯ ಪತ್ರಿಕೆಯ ಪುಸ್ತಕಗಳು ಬಂದವು. ಬಾಗಿಲು ಹಾಕಿಕೊಂಡು ಮನಸ್ಸಿನಲ್ಲೇ ಓದತೊಡಗಿದಳು. ಗಟ್ಟಿಯಾಗಿ ಓದಲು ಹೋದರೆ ತನ್ನ ದನಿ ತನಗೇ ಹೆದರಿಕೆ ಹುಟ್ಟಿಸುತ್ತಿತ್ತು.

ದೀಪಾವಳಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ನೀಲವ್ವಾ, ನಾನು. ಬಂಡೆಮ್ಮ."

ನೀಲಾ ಕೂತಲ್ಲಿಂದ ಎದ್ದು ನಿಂತಳು. ಏನು ಹೇಳಬೇಕೆಂದು ಇಷ್ಟು ದಿನ ಸಾಲುಸಾಲಾಗಿ ಜೋಡಿಸಿಟ್ಟುಕೊಂಡಿದ್ದಳು. ಅದನ್ನೆಲ್ಲ ಬಿಟ್ಟು ಬೇರೆಯೇ ಕೇಳಿದಳು.

"ಆರಾಮ ಅದೀರೇನ್ರಿ ಅವ್ವಾರ? ಕೂಸು ಹೆಂಗೈತ್ರಿ?"

"ಛಲೋ ಐತಿ. ಮಂಗಲ ನಾನ ಮಾಡಿಸಿದೆ, ಇಲ್ಲೇ ಗುಡಿಯಾಗ ಒಂದ ಕಾಯಿ ಒಡಿಸಿ. ಹೇಳಬೇಕಂತ ಹಚ್ಚಿದ್ದ ಅದಲ್ಲ." ಬಂಡೆಮ್ಮ ಉಸಿರು ತೆಗೆದುಕೊಂಡಳು. "ರಶ್ಮಿ ದೊಡ್ಡ ಮಗಳು ಪೂರ್ವಿ ಕಥಿ ಹೇಳು, ಕಥಿ ಹೇಳು ಅಂತ ಕಾಡ್ತಾಳ. ನಾ ಕೇಳಿದ್ದ ಆ ಶಾಸ್ತ್ರಿಗೋಳ ಪುರಾಣನ ಹೇಳಾಕತ್ತೀನಿ. ಆದರ ಸಣ್ಣ ಕೂಸಿಗೆ ಸುಳ್ಳ ಹೇಳಬಾರದು. ಪುಸ್ತಕದಾಗ ಯಾವುದು ಐತಿ, ಯಾವುದು ಇಲ್ಲ, ಅಷ್ಟ ಹೇಳು. ತೋಳದ್ದು?"

"ಐತ್ರಿ."

"ಬಾಗಲದಾಗ ಕುಂತ ಮುದುಕರದು?"

"ಐತ್ರಿ."

"ಬಾತಿಂದು?"

"ಅದೂ ಐತ್ರಿ."

ಆ ಕಡೆ ಎಲ್ಲೋ ಪಾತ್ರೆ ಸದ್ದಾಯಿತು, ಎಳೆಗೂಸು ಅಳುವುದು ಕೇಳಿಸಿತು.

"ಪಿರಿಸಕ್ಕ? ನೀ ಅವತ್ತ ಗಡಿಬಿಡಿಯಾಗ ಅಂದಿ. ಖರೇನ ಹೇಳು. ಹಿಂತಾಕಿ ಒಬ್ಬಾಕಿ ಇದ್ದಳೋ ಇಲ್ಲೋ?"

ಬಂಡೆಮ್ಮನ ದನಿಯಲ್ಲಿ ಆಸೆಯಿತ್ತು. ಅದನ್ನು ಕೇಳಿ ನೀಲಾಳ ಕಣ್ಣು ತುಂಬಿದವು. ಇದ್ದಳು ಎನ್ನಬಹುದಿತ್ತು. ಇದ್ದಳು, ಈಗಲೂ ಇದ್ದಾಳೆ, ನಿಮ್ಮ ಜೊತೆ ಮಾತಾಡುತ್ತಿದ್ದಾಳೆ ಎನ್ನಬಹುದಿತ್ತು. ಹಾಗೆಂದರೆ ಬಂಡೆಮ್ಮ ಕರಗುತ್ತಾಳೆ, ಮತ್ತೆ ಫೋನು ಮಾಡುತ್ತಾಳೆ, ಎಂದೋ ಒಂದು ದಿನ ಮತ್ತೆ ಈ ಬಾಗಿಲಿಗೂ ಬರುತ್ತಾಳೆ. ಆದರೆ ಕೇಳುತ್ತಿದ್ದದ್ದು ಒಂದು ಮಗುವಿಗೆ ಹೇಳಲು.

"ಇಲ್ಲರಿ ಅವ್ವಾರ," ಎಂದಳು ನೀಲಾ. "ಆಕಿ ಇರಲಿಲ್ಲ."

"ಛೇ," ಎಂದಳು ಬಂಡೆಮ್ಮ. "ಪಾಪ, ಛಲೋ ಹೆಣ್ಮಗಳು ಅನಸಿತ್ತು. ಆತು ತಗೋ. ಹಂಗಾರ ಆಕಿನ್ನ ಬಿಟ್ಟ ಹೇಳ್ತೀನಿ."

"ಬಿಟ್ಟ ಹೇಳ್ರಿ," ಎಂದಳು ನೀಲಾ. ಅಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು.